ಕೋಳಿ ಮನೆಗಳಲ್ಲಿ ಋತುಮಾನಕ್ಕನುಗುಣವಾಗಿ ಗಾಳಿಯ ಗುಣಮಟ್ಟದ ನಿರ್ವಹಣೆ: ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಸಾಕಾಣಿಕೆದಾರರಿಗೆ ಮಾಹಿತಿ

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಕೋಳಿ ಸಾಕಾಣಿಕೆಯು ಕೃಷಿಗೆ ಪೂರಕವಾದ ಉಪಕಸುಬಾಗಿದೆ. ಮಾಂಸದ ಕೋಳಿಗಳನ್ನು ಗುತ್ತಿಗೆ ಪದ್ಧತಿಯಲ್ಲಿ ಸಾಕುವವರು, ಸ್ವಂತ ಬಂಡವಾಳದಿಂದ ಸಾಕುವವರು ಹಾಗೂ ಹಿತ್ತಲಿನಲ್ಲಿ ಜವಾರಿ ಕೋಳಿಗಳನ್ನು ಸಾಕುವ ಕುಟುಂಬಗಳು ಈ ಭಾಗದಲ್ಲಿವೆ. ಮರಿ, ಆಹಾರ, ಲಸಿಕೆ ಮತ್ತು ನೀರಿನ ಬಗ್ಗೆ ಸಾಕಾಣಿಕೆದಾರರು ವಹಿಸುವಷ್ಟು ಗಮನವನ್ನು ಕೋಳಿ ಮನೆಯೊಳಗಿನ ಗಾಳಿಯ ಬಗ್ಗೆ ವಹಿಸುವುದು ಕಡಿಮೆ. ಗಾಳಿಯು ಕಣ್ಣಿಗೆ ಕಾಣದಿರುವುದರಿಂದ ಅದರ ದೋಷವು ಬೇರೆ ಹೆಸರಿನಲ್ಲಿ, ಅಂದರೆ ಕೆಮ್ಮು, ಗೊರಗೊರ ಶಬ್ದ, ಕಣ್ಣಿನ ಉರಿ, ತೂಕದ ಕೊರತೆ ಅಥವಾ ಲಸಿಕೆ ಫಲಿಸದಿರುವಿಕೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಕೋಳಿ ಮನೆಯ ಗಾಳಿ ಬೇಸಿಗೆಯಲ್ಲಿ ಮಾತ್ರ ಕೆಡುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಬೇಸಿಗೆಯಲ್ಲಿ ಕೋಳಿಗಳಿಗೆ ಅಪಾಯ ಉಂಟುಮಾಡುವುದು ಮುಖ್ಯವಾಗಿ ಶಾಖ. ಆ ಕಾಲದಲ್ಲಿ ಪರದೆಗಳು ತೆರೆದಿರುವುದರಿಂದ ಕೆಟ್ಟ ಅನಿಲಗಳು ಹೊರಹೋಗುತ್ತವೆ. ಮಳೆ ಮತ್ತು ಚಳಿಯ ರಾತ್ರಿಗಳಲ್ಲಿ ಪರದೆಗಳನ್ನು ಪೂರ್ಣವಾಗಿ ಮುಚ್ಚಿದಾಗಲೇ ಗಾಳಿಯು ಅತಿ ಹೆಚ್ಚು ಕೆಡುತ್ತದೆ. ಪರದೆಯು ನೇರ ಗಾಳಿಯ ಹೊಡೆತವನ್ನು ಮತ್ತು ಎರಚಲನ್ನು ತಡೆಯಲು ಇರುವ ಸಾಧನ; ಗಾಳಿಯ ಸಂಚಾರವನ್ನು ನಿಲ್ಲಿಸಲು ಇರುವುದಲ್ಲ. ಈ ವ್ಯತ್ಯಾಸವನ್ನು ತಿಳಿದು ವರ್ಷದ ಪ್ರತಿಯೊಂದು ಋತುವಿನಲ್ಲಿ ಕೈಗೊಳ್ಳಬೇಕಾದ ಕ್ರಮಗಳನ್ನು ಹಾಗೂ ಇಲಾಖೆಯಿಂದ ಪಡೆಯಬಹುದಾದ ಸೇವೆಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ನಾಲ್ಕು ತಾಲ್ಲೂಕುಗಳ ಹವಾಗುಣ

ಈ ನಾಲ್ಕೂ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ಹವಾಗುಣವು ಒಂದೇ ತೆರನಾಗಿಲ್ಲ. ಹಿಂದೆ ಬೈಲಹೊಂಗಲ ತಾಲ್ಲೂಕಿನ ಭಾಗವಾಗಿದ್ದ ಕಿತ್ತೂರು, ಖಾನಾಪುರದ ಮಲೆನಾಡಿನ ಅಂಚಿಗೆ ಸಮೀಪವಿರುವುದರಿಂದ ಮುಂಗಾರಿನಲ್ಲಿ ಹೆಚ್ಚು ಮಳೆ, ಮೋಡ ಮತ್ತು ತೇವವನ್ನು ಕಾಣುತ್ತದೆ. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಬೈಲಹೊಂಗಲವು ನಡುವಿನ ಪ್ರದೇಶ. ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಒಣ ಪ್ರದೇಶಕ್ಕೆ ಸೇರಿದ್ದು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವುದುಂಟು.

ಮುಂಗಾರಿನಲ್ಲಿ ಗಾಳಿಯು ಮುಖ್ಯವಾಗಿ ಪಶ್ಚಿಮ ದಿಕ್ಕಿನಿಂದ ಬೀಸುತ್ತದೆ. ಚಳಿಗಾಲದಲ್ಲಿ ಪೂರ್ವ ದಿಕ್ಕಿನಿಂದ ಬೀಸುತ್ತದೆ. ಆದ್ದರಿಂದ ಒಂದೇ ಬದಿಯ ಪರದೆಯನ್ನು ವರ್ಷವಿಡೀ ಮುಚ್ಚುವ ಅಥವಾ ತೆರೆಯುವ ರೂಢಿಯು ಸರಿಯಾದುದಲ್ಲ. ಕಿತ್ತೂರಿನ ಸಾಕಾಣಿಕೆದಾರರು ಅನುಸರಿಸುವ ಕ್ರಮವನ್ನು ರಾಮದುರ್ಗದವರು ಅದೇ ತಿಂಗಳಲ್ಲಿ ಹಾಗೆಯೇ ಅನುಸರಿಸುವುದೂ ಸೂಕ್ತವಲ್ಲ.

3. ಗಾಳಿಯನ್ನು ಕೆಡಿಸುವ ಅಂಶಗಳು

ಅ) ತೇವಾಂಶ: ಮಾಂಸದ ಕೋಳಿಯು ತಾನು ತಿನ್ನುವ ಆಹಾರದ ತೂಕದ ಸುಮಾರು ಎರಡು ಪಟ್ಟು ನೀರನ್ನು ಕುಡಿಯುತ್ತದೆ. ಐದನೆಯ ವಾರದಲ್ಲಿ 1,000 ಕೋಳಿಗಳು ದಿನಕ್ಕೆ ಸುಮಾರು 150 ಕಿಲೋಗ್ರಾಂ ಆಹಾರ ತಿಂದರೆ ಸುಮಾರು 300 ಲೀಟರ್ ನೀರು ಕುಡಿಯುತ್ತವೆ. ಇದರ ಬಹುಪಾಲು ಉಸಿರಿನ ಮೂಲಕ ಮತ್ತು ಹಿಕ್ಕೆಯ ಮೂಲಕ ಕೋಳಿ ಮನೆಯೊಳಕ್ಕೇ ಮರಳುತ್ತದೆ. ಗಾಳಿಯ ಸಂಚಾರವಿದ್ದಲ್ಲಿ ಈ ತೇವವು ಹೊರಹೋಗುತ್ತದೆ. ಇಲ್ಲದಿದ್ದಲ್ಲಿ ನೆಲದ ಹಾಸಿನಲ್ಲಿ ಇಂಗುತ್ತದೆ.

ಆ) ಅಮೋನಿಯಾ: ಕೋಳಿಯ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಹಾಸಿನಲ್ಲಿರುವ ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಅನಿಲ ಉತ್ಪತ್ತಿಯಾಗುತ್ತದೆ. ಇದಕ್ಕೆ ತೇವ ಮತ್ತು ಶಾಖ ಎರಡೂ ಬೇಕು. ಒಣಗಿದ ಹಾಸಿನಲ್ಲಿ ಅಮೋನಿಯಾ ಕಡಿಮೆ. ಒದ್ದೆಯಾದ, ಬೆಚ್ಚಗಿನ ಹಾಸಿನಲ್ಲಿ ಹೆಚ್ಚು. ಈ ಅನಿಲವು ಕೋಳಿಯ ಶ್ವಾಸನಾಳದ ಒಳಪದರದಲ್ಲಿರುವ ಸೂಕ್ಷ್ಮ ರೋಮಗಳನ್ನು ಹಾಳುಮಾಡುತ್ತದೆ. ಧೂಳು ಮತ್ತು ರೋಗಾಣುಗಳನ್ನು ಹೊರದೂಡುವ ಕೆಲಸ ಈ ರೋಮಗಳದ್ದಾದುದರಿಂದ ಅವು ಹಾಳಾದ ನಂತರ ಸಿಆರ್‌ಡಿ ಎಂದು ಕರೆಯುವ ದೀರ್ಘಕಾಲದ ಶ್ವಾಸಕೋಶ ರೋಗ ಮತ್ತು ಇ.ಕೋಲಿ ಸೋಂಕು ಸುಲಭವಾಗಿ ತಗಲುತ್ತವೆ. ಕೊಕ್ಕರೆ ರೋಗ ಅಥವಾ ರಾಣಿಖೇತ್ ರೋಗದ ವಿರುದ್ಧ ಕಣ್ಣು ಮತ್ತು ಮೂಗಿಗೆ ಹಾಕುವ ಜೀವಂತ ಲಸಿಕೆಯ ನಂತರ ಕಾಣುವ ಸಣ್ಣ ಕೆಮ್ಮು ಕೂಡ ಇಂತಹ ಗಾಳಿಯಲ್ಲಿ ತೀವ್ರವಾಗುತ್ತದೆ.

ಯುರೋಪಿಯನ್ ಒಕ್ಕೂಟವು 2007ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಹೆಚ್ಚು ಸಾಂದ್ರತೆಯಲ್ಲಿ ಸಾಕುವ ಮಾಂಸದ ಕೋಳಿಗಳ ಮನೆಯಲ್ಲಿ ಅಮೋನಿಯಾವು ಕೋಳಿಯ ತಲೆಯ ಮಟ್ಟದಲ್ಲಿ ದಶಲಕ್ಷಕ್ಕೆ 20 ಭಾಗಗಳನ್ನು ಹಾಗೂ ಇಂಗಾಲದ ಡೈಆಕ್ಸೈಡ್ 3,000 ಭಾಗಗಳನ್ನು ಮೀರಬಾರದೆಂದು ನಿಗದಿಪಡಿಸಿದೆ. ಮನುಷ್ಯನ ಕಣ್ಣು ಉರಿಯುವ ಹೊತ್ತಿಗೆ ಅಮೋನಿಯಾದ ಈ ಮಿತಿ ಸಾಮಾನ್ಯವಾಗಿ ಮೀರಿರುತ್ತದೆ. ಅಮೋನಿಯಾವು 50 ಭಾಗಗಳ ಮಟ್ಟದಲ್ಲಿ ಹಲವು ದಿನ ಮುಂದುವರಿದಲ್ಲಿ ಕೋಳಿಗಳ ಕಣ್ಣು ಊದಿಕೊಳ್ಳುವುದು, ಬೆಳವಣಿಗೆ ಕುಂಠಿತವಾಗುವುದು ಕಂಡುಬರುತ್ತದೆ.

ಇ) ಧೂಳು: ಅತಿಯಾಗಿ ಒಣಗಿದ ಹಾಸು, ಆಹಾರದ ಪುಡಿ, ಉದುರಿದ ಗರಿ ಮತ್ತು ಬೇಸಿಗೆಯ ಗಾಳಿಯೊಂದಿಗೆ ಬರುವ ಹೊಲದ ಮಣ್ಣು ಇವು ಧೂಳಿನ ಮೂಲಗಳು. ರೋಗಾಣುಗಳು ಈ ಧೂಳಿನ ಕಣಗಳ ಮೇಲೆ ಕುಳಿತು ಹರಡುತ್ತವೆ.

ಈ) ಇಂಗಾಲದ ಮೊನಾಕ್ಸೈಡ್: ಮರಿಗಳಿಗೆ ಕಾವು ಕೊಡಲು ಇದ್ದಿಲು ಅಥವಾ ಕಟ್ಟಿಗೆಯನ್ನು ಮುಚ್ಚಿದ ಮನೆಯೊಳಗೆ ಉರಿಸಿದಾಗ ಈ ಅನಿಲ ಉಂಟಾಗುತ್ತದೆ. ಇದಕ್ಕೆ ವಾಸನೆಯಾಗಲಿ ಬಣ್ಣವಾಗಲಿ ಇಲ್ಲ. ಇದು ಮರಿಗಳಿಗೆ ಮಾತ್ರವಲ್ಲದೆ ಒಳಗೆ ಮಲಗುವ ಕೆಲಸಗಾರರಿಗೂ ಪ್ರಾಣಾಪಾಯಕಾರಿಯಾಗಿದೆ.

4. ಗಾಳಿ ಕೆಟ್ಟಿರುವುದನ್ನು ಗುರುತಿಸುವ ವಿಧಾನ

ಪ್ರತಿದಿನ ಕೋಳಿ ಮನೆಯಲ್ಲಿ ಕೆಲಸ ಮಾಡುವವರ ಮೂಗು ಅಮೋನಿಯಾದ ವಾಸನೆಗೆ ಒಗ್ಗಿಹೋಗುತ್ತದೆ. ಆದ್ದರಿಂದ "ವಾಸನೆ ಇಲ್ಲ" ಎಂಬ ಅನಿಸಿಕೆಯೊಂದನ್ನೇ ನಂಬತಕ್ಕದ್ದಲ್ಲ. ಈ ಕೆಳಗಿನ ಪರೀಕ್ಷೆಗಳನ್ನು ಯಾವುದೇ ವೆಚ್ಚವಿಲ್ಲದೆ ಮಾಡಬಹುದಾಗಿದೆ.

1. ಬೆಳಗಿನ ಪರೀಕ್ಷೆ: ಬೆಳಿಗ್ಗೆ ಪರದೆ ತೆರೆಯುವ ಮೊದಲು, ಸ್ವಲ್ಪ ಹೊತ್ತು ಹೊರಗಿನ ಗಾಳಿಯಲ್ಲಿ ನಿಂತು ನಂತರ ಒಳಪ್ರವೇಶಿಸಿ ಮನೆಯ ಮಧ್ಯಭಾಗದಲ್ಲಿ ಕೋಳಿಯ ತಲೆಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂರುವುದು. ಕಣ್ಣು ಅಥವಾ ಮೂಗು ಉರಿದಲ್ಲಿ ಹಿಂದಿನ ರಾತ್ರಿ ಗಾಳಿಯ ಸಂಚಾರ ಸಾಲದಾಗಿತ್ತೆಂದು ತಿಳಿಯತಕ್ಕದ್ದು. ನಿಂತಾಗ ತಿಳಿಯದ ವಾಸನೆ ಕುಳಿತಾಗ ತಿಳಿಯುತ್ತದೆ, ಏಕೆಂದರೆ ಅನಿಲದ ಮೂಲ ನೆಲದ ಹಾಸಿನಲ್ಲಿದೆ.

2. ಮುಷ್ಟಿ ಪರೀಕ್ಷೆ: ನೀರಿನ ಬಟ್ಟಲಿನಿಂದ ದೂರದಲ್ಲಿ ಒಂದು ಹಿಡಿ ಹಾಸನ್ನು ತೆಗೆದು ಬಿಗಿಯಾಗಿ ಹಿಸುಕುವುದು. ಕೈ ಬಿಟ್ಟ ನಂತರವೂ ಉಂಡೆಯಾಗಿಯೇ ಉಳಿದರೆ ಹಾಸು ಒದ್ದೆಯಾಗಿದೆ. ಸ್ವಲ್ಪ ಅಂಟಿಕೊಂಡು ತಾನಾಗಿಯೇ ಒಡೆದುಹೋದರೆ ತೇವವು ಸರಿಯಾಗಿದೆ. ಸ್ವಲ್ಪವೂ ಅಂಟದೆ ಪುಡಿಯಾಗಿ ಹಾರಿದರೆ ಹಾಸು ಅತಿಯಾಗಿ ಒಣಗಿದೆ. ಶೇಕಡಾ 20ರಿಂದ 25ರಷ್ಟು ತೇವಾಂಶವು ಉತ್ತಮವೆನಿಸಿದೆ.

3. ಮಾಡಿನ ಪರೀಕ್ಷೆ: ಬೆಳಗಿನ ಜಾವ ತಗಡಿನ ಅಥವಾ ಸಿಮೆಂಟ್ ಶೀಟಿನ ಒಳಮೈಯಲ್ಲಿ ನೀರಿನ ಹನಿಗಳು ಕಂಡಲ್ಲಿ ತೇವಾಂಶವು ಹೊರಹೋಗಿಲ್ಲವೆಂದು ಅರ್ಥ.

4. ಕೋಳಿಗಳ ನಡವಳಿಕೆ: ಕಣ್ಣು ಅರೆಮುಚ್ಚಿ ನಿಲ್ಲುವುದು, ರೆಕ್ಕೆಗೆ ಕಣ್ಣು ಉಜ್ಜುವುದು, ಕಣ್ಣಿನಲ್ಲಿ ನೊರೆ, ರಾತ್ರಿ ದೀಪ ಆರಿಸಿದ ನಂತರ ಕೇಳುವ ಸೀನು ಮತ್ತು ಗೊರಗೊರ ಶಬ್ದ, ಅಂಗಾಲಿನಲ್ಲಿ ಹುಣ್ಣು ಇವು ಲಕ್ಷಣಗಳು.

5. ಮುಂಗಾರು: ಜೂನ್‌ನಿಂದ ಸೆಪ್ಟೆಂಬರ್

ಈ ಅವಧಿಯಲ್ಲಿ ಎರಚಲಿನಿಂದ ಹಾಸು ನೆನೆಯುವುದು ಮತ್ತು ಹೊರಗಿನ ಗಾಳಿಯಲ್ಲೇ ತೇವ ಹೆಚ್ಚಿರುವುದು ಎರಡೂ ಸೇರಿ ತೊಂದರೆ ಉಂಟಾಗುತ್ತದೆ. ಕಿತ್ತೂರು ಹಾಗೂ ಬೈಲಹೊಂಗಲದ ಪಶ್ಚಿಮ ಭಾಗದ ಸಾಕಾಣಿಕೆದಾರರಿಗೆ ಇದೇ ಅತ್ಯಂತ ಕಠಿಣವಾದ ಕಾಲ. ಒದ್ದೆ ಹಾಸಿನಲ್ಲಿ ಅಮೋನಿಯಾದ ಜೊತೆಗೆ ರಕ್ತಭೇದಿ ಉಂಟುಮಾಡುವ ಕಾಕ್ಸಿಡಿಯಾ ಪರೋಪಜೀವಿಗಳೂ ವೃದ್ಧಿಯಾಗುತ್ತವೆ.

- ಮಳೆ ಆರಂಭವಾಗುವ ಮೊದಲು, ಮೇ ತಿಂಗಳೊಳಗೆ ಮಾಡಿನ ಸೋರಿಕೆಯನ್ನು ಸರಿಪಡಿಸುವುದು, ಸುತ್ತಲೂ ಕಾಲುವೆ ತೋಡಿ ಮಳೆನೀರು ನಿಲ್ಲದಂತೆ ಮಾಡುವುದು. ಕಪ್ಪು ಭೂಮಿಯಲ್ಲಿ ನೀರು ಬೇಗ ಇಂಗದಿರುವುದರಿಂದ ಕೋಳಿ ಮನೆಯ ನೆಲವು ಸುತ್ತಲಿನ ಭೂಮಿಗಿಂತ ಕನಿಷ್ಠ ಒಂದು ಅಡಿ ಎತ್ತರದಲ್ಲಿರತಕ್ಕದ್ದು.
- ಪರದೆಯ ಕೆಳಭಾಗವನ್ನು ಗೋಡೆಗೆ ಬಿಗಿದು, ಮೇಲಿನಿಂದ ಕೆಳಕ್ಕೆ ತೆರೆಯುವಂತೆ ಕಟ್ಟುವುದು. ಮೇಲ್ಭಾಗದಲ್ಲಿ ಒಂದರಿಂದ ಒಂದೂವರೆ ಅಡಿ ತೆರೆದಿದ್ದಲ್ಲಿ ಎರಚಲು ಕೋಳಿಗಳಿಗೆ ತಗಲದೆ ಬಿಸಿ ಮತ್ತು ತೇವದ ಗಾಳಿ ಹೊರಹೋಗುತ್ತದೆ.
- ಮಳೆ ಬರುವ ಬದಿಯ ಪರದೆಯನ್ನು ಮಾತ್ರ ಏರಿಸುವುದು. ಮಳೆ ನಿಂತ ಕೂಡಲೇ ಇಳಿಸುವುದು. ಬೆಳಿಗ್ಗೆ ಏರಿಸಿದ ಪರದೆಯನ್ನು ಸಂಜೆಯವರೆಗೆ ಹಾಗೆಯೇ ಬಿಡುವುದರಿಂದ ಹೆಚ್ಚಿನ ಹಾನಿಯಾಗುತ್ತದೆ.
- ನೀರಿನ ಬಟ್ಟಲು ಅಥವಾ ನಿಪ್ಪಲ್‌ಗಳನ್ನು ಕೋಳಿಗಳ ಬೆಳವಣಿಗೆಗೆ ತಕ್ಕಂತೆ ವಾರಕ್ಕೊಮ್ಮೆ ಎತ್ತರಿಸುವುದು. ಬಟ್ಟಲಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿದ್ದಲ್ಲಿ ನೀರು ಚೆಲ್ಲುವುದು ಕಡಿಮೆ.
- ಒದ್ದೆಯಾಗಿ ಹೆಪ್ಪುಗಟ್ಟಿದ ಹಾಸನ್ನು ಅಂದಂದೇ ತೆಗೆದು ಹೊರಹಾಕಿ ಒಣ ಹಾಸನ್ನು ತುಂಬುವುದು.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿಯ ಪ್ರವಾಹದಿಂದ ರಾಮದುರ್ಗ ಮತ್ತು ಸವದತ್ತಿ ತಾಲ್ಲೂಕುಗಳ ನದಿತೀರದ ಗ್ರಾಮಗಳು ಜಲಾವೃತವಾದವು. ಸವದತ್ತಿ ಸಮೀಪದ ನವಿಲುತೀರ್ಥ ಜಲಾಶಯದಿಂದ ಹೆಚ್ಚು ನೀರು ಬಿಡುವ ಸೂಚನೆ ಬಂದಾಗ ನದಿತೀರದ ಸಾಕಾಣಿಕೆದಾರರು ಕೋಳಿಗಳನ್ನು ಮತ್ತು ಒಣ ಹಾಸಿನ ದಾಸ್ತಾನನ್ನು ಎತ್ತರದ ಸ್ಥಳಕ್ಕೆ ಸಾಗಿಸತಕ್ಕದ್ದು. ನೀರು ಒಮ್ಮೆ ಒಳನುಗ್ಗಿದ ಹಾಸನ್ನು ಒಣಗಿಸಿ ಮತ್ತೆ ಬಳಸಬಾರದು. ಅದನ್ನು ಪೂರ್ಣವಾಗಿ ತೆಗೆದು, ನೆಲವನ್ನು ತೊಳೆದು, ಸೋಂಕು ನಿವಾರಕ ಸಿಂಪಡಿಸಿ, ಒಣಗಿದ ನಂತರವೇ ಹೊಸ ಮರಿಗಳನ್ನು ಬಿಡತಕ್ಕದ್ದು.

6. ಹಿಂಗಾರು ಮತ್ತು ಚಳಿಗಾಲ: ಅಕ್ಟೋಬರ್‌ನಿಂದ ಫೆಬ್ರವರಿ

ಚಳಿಗಾಲದಲ್ಲಿ ಹಗಲು ಹಿತಕರವಾಗಿದ್ದರೂ ರಾತ್ರಿ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಮರಿಗಳಿಗೆ ಚಳಿಯಾಗಬಾರದೆಂಬ ಕಾಳಜಿಯಿಂದ ಗೋಣಿಚೀಲ, ತಾಡಪತ್ರಿ ಮತ್ತು ಪ್ಲಾಸ್ಟಿಕ್ ಹಾಳೆಗಳಿಂದ ಎಲ್ಲ ಬದಿಗಳನ್ನೂ ಮುಚ್ಚುವ ರೂಢಿಯಿದೆ. ಸಂಜೆ ಆರು ಗಂಟೆಗೆ ಮುಚ್ಚಿದ ಮನೆಯನ್ನು ಮರುದಿನ ಬಿಸಿಲೇರುವವರೆಗೆ ತೆರೆಯದಿದ್ದಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ಕಾಲ ಕೋಳಿಗಳು ತಾವೇ ಬಿಟ್ಟ ಗಾಳಿಯನ್ನು ಉಸಿರಾಡುತ್ತವೆ. ವೇಗವಾಗಿ ಬೆಳೆಯುವ ಮಾಂಸದ ಕೋಳಿಗಳಿಗೆ ಆಮ್ಲಜನಕ ಸಾಲದೆ ಹೃದಯದ ಮೇಲೆ ಒತ್ತಡ ಬಿದ್ದು ಹೊಟ್ಟೆಯಲ್ಲಿ ನೀರು ತುಂಬುವ ತೊಂದರೆ ಚಳಿಗಾಲದಲ್ಲಿ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ.

ಶಾಖವನ್ನು ಕಾವು ಕೊಡುವ ಸಾಧನದಿಂದ ಮತ್ತು ಒಣ ಹಾಸಿನಿಂದ ಒದಗಿಸತಕ್ಕದ್ದು. ಗಾಳಿಯನ್ನು ತಡೆದು ಒದಗಿಸತಕ್ಕದ್ದಲ್ಲ.

- ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿದ್ದು, ವಾರಕ್ಕೆ 5 ಡಿಗ್ರಿಯಂತೆ ಇಳಿಸುವುದು. ಇಡೀ ಮನೆಯನ್ನು ಬಿಸಿ ಮಾಡುವ ಬದಲು, ಮನೆಯ ಒಂದು ಭಾಗವನ್ನು ಪರದೆಯಿಂದ ವಿಂಗಡಿಸಿ ಅಲ್ಲಿ ಮಾತ್ರ ಕಾವು ನೀಡುವುದು ಇಂಧನದ ದೃಷ್ಟಿಯಿಂದಲೂ ಉತ್ತಮ.
- ಅತಿ ಚಳಿಯ ರಾತ್ರಿಯಲ್ಲೂ ಎರಡೂ ಬದಿಗಳಲ್ಲಿ ಪರದೆಯ ಮೇಲಿನ ಅಂಚನ್ನು ತೆರೆದಿಡುವುದು. ಮರಿಗಳ ಮಟ್ಟದಲ್ಲಿ ನೇರ ಗಾಳಿ ಬೀಸದಂತೆ ಕೆಳಭಾಗವನ್ನು ಬಿಗಿಯಾಗಿಡುವುದು.
- ಮಧ್ಯಾಹ್ನ 11ರಿಂದ 4 ಗಂಟೆಯವರೆಗೆ, ಮರಿಗಳು ಎರಡು ವಾರ ದಾಟಿದ ಮೇಲೆ, ಪರದೆಗಳನ್ನು ಪೂರ್ಣವಾಗಿ ಇಳಿಸಿ ಹಾಸು ಒಣಗಲು ಬಿಡುವುದು.
- ಇದ್ದಿಲಿನ ಒಲೆಯನ್ನು ಹೊರಗೆ ಹೊತ್ತಿಸಿ, ಹೊಗೆ ಪೂರ್ಣವಾಗಿ ನಿಂತ ಮೇಲೆ ಒಳಗೆ ತರುವುದು. ಹೊಗೆ ನಿಂತರೂ ಮೊನಾಕ್ಸೈಡ್ ಅನಿಲ ಉಂಟಾಗುತ್ತಿರುತ್ತದೆ. ಆದ್ದರಿಂದ ಪರದೆಯ ಮೇಲ್ಭಾಗ ತೆರೆದಿರಲೇಬೇಕು. ಒಲೆಯಿರುವ ಮನೆಯೊಳಗೆ ಯಾರೂ ಮಲಗತಕ್ಕದ್ದಲ್ಲ.
- ಕಬ್ಬು ಕಟಾವಿನ ನಂತರ ಹೊಲದಲ್ಲಿ ರವದಿ ಸುಡುವ ಹೊಗೆಯು ಚಳಿಗಾಲದ ಮುಂಜಾನೆ ಮೇಲೇರದೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಕೋಳಿ ಮನೆಯ ಸಮೀಪ ರವದಿ ಸುಡುವುದನ್ನು ತಪ್ಪಿಸಿ, ಅದನ್ನು ಹೊಲದಲ್ಲೇ ಮುಚ್ಚಿಗೆಯಾಗಿ ಅಥವಾ ಗೊಬ್ಬರವಾಗಿ ಬಳಸುವುದು ಸೂಕ್ತ.

7. ಬೇಸಿಗೆ: ಮಾರ್ಚ್‌ನಿಂದ ಮೇ

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಅದು ಬಾಯಿ ತೆರೆದು ಏದುಸಿರು ಬಿಡುವುದರ ಮೂಲಕ ದೇಹದ ಶಾಖವನ್ನು ಹೊರಹಾಕುತ್ತದೆ. ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಈ ಅವಧಿಯ ಶಾಖದಿಂದ, ಮಾರಾಟಕ್ಕೆ ಸಿದ್ಧವಾದ ದೊಡ್ಡ ಕೋಳಿಗಳಿಗೆ ಹೆಚ್ಚಿನ ಅಪಾಯವಿದೆ.

- ಪರದೆಗಳನ್ನು ಪೂರ್ಣವಾಗಿ ಇಳಿಸುವುದು. ಬಿಸಿಲು ನೇರವಾಗಿ ಬೀಳುವ ಬದಿಯಲ್ಲಿ ಮಾತ್ರ ಗೋಣಿಚೀಲದ ನೆರಳು ಕಟ್ಟುವುದು.
- ಮಾಡಿನ ಮೇಲೆ ಸುಣ್ಣ ಬಳಿಯುವುದು, ಅಥವಾ ಜೋಳದ ಕಣಿಕೆ, ಕಬ್ಬಿನ ರವದಿ ಹೊದಿಸಿ ಒದ್ದೆಯಾಗಿಡುವುದು. ಒಣಗಿದ ಹೊದಿಕೆಗೆ ಬೆಂಕಿ ತಗಲುವ ಸಂಭವವಿರುವುದರಿಂದ ವಿದ್ಯುತ್ ತಂತಿಗಳಿಂದ ದೂರವಿಡತಕ್ಕದ್ದು.
- ಪ್ರತಿ ಮಾಂಸದ ಕೋಳಿಗೆ ಸಾಮಾನ್ಯವಾಗಿ ನೀಡುವ ಒಂದು ಚದರ ಅಡಿ ಸ್ಥಳವನ್ನು ಬೇಸಿಗೆಯ ತಂಡಗಳಲ್ಲಿ ಶೇಕಡಾ 10ರಿಂದ 20ರಷ್ಟು ಹೆಚ್ಚಿಸುವುದು.
- ಬೆಳಿಗ್ಗೆ 11ರಿಂದ ಸಂಜೆ 4 ಗಂಟೆಯವರೆಗೆ ಆಹಾರವನ್ನು ನಿಲ್ಲಿಸಿ ತಣ್ಣೀರನ್ನು ಧಾರಾಳವಾಗಿ ನೀಡುವುದು.
- ಮಂಜಿನಂತೆ ನೀರು ಸಿಂಪಡಿಸುವ ಫಾಗರ್‌ಗಳನ್ನು ಒಣ ಗಾಳಿಯಿರುವ ಮಧ್ಯಾಹ್ನದಲ್ಲಿ, ಫ್ಯಾನ್ ಚಾಲನೆಯಲ್ಲಿರುವಾಗ ಮಾತ್ರ ಬಳಸುವುದು. ಮೇ ತಿಂಗಳ ಅಡ್ಡಮಳೆಯ ನಂತರದ ಸಂಜೆ ಗಾಳಿಯಲ್ಲಿ ತೇವ ಹೆಚ್ಚಿರುವಾಗ ಫಾಗರ್ ಬಳಸಿದಲ್ಲಿ ಕೋಳಿಯ ಏದುಸಿರಿನಿಂದ ಶಾಖ ಹೊರಹೋಗುವುದು ಇನ್ನೂ ಕಡಿಮೆಯಾಗುತ್ತದೆ, ಹಾಸೂ ನೆನೆಯುತ್ತದೆ.

ಫ್ಯಾನ್‌ಗಳನ್ನೇ ಅವಲಂಬಿಸಿದ ಪರಿಸರ ನಿಯಂತ್ರಿತ ಶೆಡ್ಡುಗಳಲ್ಲಿ ವಿದ್ಯುತ್ ನಿಂತಲ್ಲಿ ಅಲ್ಪ ಸಮಯದಲ್ಲೇ ಕೋಳಿಗಳು ಉಸಿರುಗಟ್ಟಿ ಸಾಯುತ್ತವೆ. ಇಂತಹ ಘಟಕಗಳು ಜನರೇಟರ್ ಮತ್ತು ಎಚ್ಚರಿಕೆ ಗಂಟೆಯನ್ನು ಹೊಂದಿರತಕ್ಕದ್ದು. ವಾರಕ್ಕೊಮ್ಮೆ ಅವುಗಳನ್ನು ಚಾಲನೆ ಮಾಡಿ ಪರೀಕ್ಷಿಸತಕ್ಕದ್ದು.

8. ಹಾಸಿನ ನಿರ್ವಹಣೆ

ಲಿಟ್ಟರ್ ಎಂದು ರೂಢಿಯಲ್ಲಿ ಕರೆಯುವ ಹಾಸಿಗೆ ಭತ್ತದ ಹೊಟ್ಟು, ಮರದ ಹೊಟ್ಟು ಅಥವಾ ಶೇಂಗಾ ಸಿಪ್ಪೆಯನ್ನು ಎರಡರಿಂದ ಮೂರು ಅಂಗುಲ ದಪ್ಪಕ್ಕೆ ಬಳಸಬಹುದು. ಕಿತ್ತೂರು ಭಾಗದಲ್ಲಿ ಭತ್ತದ ಹೊಟ್ಟು ಸುಲಭವಾಗಿ ದೊರೆತರೆ, ರಾಮದುರ್ಗ ಮತ್ತು ಸವದತ್ತಿ ಭಾಗದಲ್ಲಿ ಶೇಂಗಾ ಸಿಪ್ಪೆ ಬಳಕೆಯಲ್ಲಿದೆ. ಶೇಂಗಾ ಸಿಪ್ಪೆಗೆ ಬೂಷ್ಟು ಬೇಗ ಹಿಡಿಯುತ್ತದೆ. ಬೂಷ್ಟಿನ ಕಣಗಳನ್ನು ಉಸಿರಾಡಿದ ಮರಿಗಳಿಗೆ ಶ್ವಾಸಕೋಶದ ರೋಗ ಬರುತ್ತದೆ. ಆದ್ದರಿಂದ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮಳೆಗಾಲಕ್ಕೆ ಮೊದಲೇ ನೆನೆಯದ ಜಾಗದಲ್ಲಿ ಸಂಗ್ರಹಿಸತಕ್ಕದ್ದು.

ಹಾಸನ್ನು ವಾರಕ್ಕೆ ಎರಡು ಬಾರಿ ಕೆದಕುವುದು ಅಗತ್ಯ. ಕೆದಕಿದಾಗ ಒಳಗೆ ಸೇರಿದ್ದ ಅಮೋನಿಯಾ ಒಮ್ಮೆಲೇ ಹೊರಬರುವುದರಿಂದ ಈ ಕೆಲಸವನ್ನು ಪರದೆ ತೆರೆದಿರುವ ಮಧ್ಯಾಹ್ನದ ವೇಳೆಯಲ್ಲಿ ಮಾಡತಕ್ಕದ್ದು. ಸಂಜೆ ಪರದೆ ಮುಚ್ಚುವ ಮುನ್ನ ಮಾಡಬಾರದು.

ವಾಸನೆ ಬಂದಾಗ ಹಾಸಿನ ಮೇಲೆ ಸುಣ್ಣದ ಪುಡಿ ಎರಚುವ ರೂಢಿಯಿದೆ. ಸುಣ್ಣವು ಕ್ಷಾರ ಗುಣವುಳ್ಳದ್ದಾಗಿದ್ದು, ಈಗಾಗಲೇ ಒದ್ದೆಯಾದ ಹಾಸಿನಿಂದ ಅಮೋನಿಯಾವನ್ನು ಇನ್ನಷ್ಟು ಹೊರಡಿಸುತ್ತದೆ. ಸುಣ್ಣವನ್ನು ಒಂದು ತಂಡ ಮಾರಾಟವಾದ ನಂತರ, ಮನೆ ಖಾಲಿಯಿರುವಾಗ ಬಳಸುವುದು ಸರಿಯಾದ ಕ್ರಮ. ಕೋಳಿಗಳಿರುವಾಗ ಒದ್ದೆ ಭಾಗವನ್ನು ತೆಗೆಯುವುದು ಮತ್ತು ಗಾಳಿಯಾಡುವಂತೆ ಮಾಡುವುದೇ ಪರಿಹಾರ.

9. ಹಿತ್ತಲಿನ ಜವಾರಿ ಕೋಳಿಗಳು

ಹಗಲಿನಲ್ಲಿ ಹೊರಗೆ ಮೇಯುವ ಕೋಳಿಗಳಿಗೂ ರಾತ್ರಿಯ ಗೂಡಿನಲ್ಲಿ ಇದೇ ತೊಂದರೆ ಉಂಟಾಗಬಹುದು. ಬೆಕ್ಕು, ನಾಯಿಗಳ ಭಯದಿಂದ ಗೂಡನ್ನು ಪೂರ್ಣ ಹಲಗೆಯಿಂದ ಮುಚ್ಚುವ ಬದಲು ಮೇಲ್ಭಾಗದಲ್ಲಿ ಎರಡು ಎದುರುಬದುರು ಬದಿಗಳಿಗೆ ತಂತಿ ಬಲೆ ಹಾಕುವುದು. ಗೂಡಿನ ನೆಲವನ್ನು ಪ್ರತಿದಿನ ಗುಡಿಸಿ ಬೂದಿಯನ್ನು ತೆಳುವಾಗಿ ಹರಡುವುದು. ಅಡುಗೆ ಒಲೆಯ ಹೊಗೆ ಗೂಡಿನತ್ತ ಬಾರದಂತೆ ಸ್ಥಳ ಆರಿಸುವುದು.

10. ಹೊಸ ಕೋಳಿ ಮನೆ ನಿರ್ಮಿಸುವವರು ಗಮನಿಸಬೇಕಾದ ಅಂಶಗಳು

ಕಟ್ಟಡದ ತಪ್ಪನ್ನು ನಂತರ ಸರಿಪಡಿಸುವುದು ದುಬಾರಿಯಾದುದರಿಂದ ಸಾಲ ಪಡೆಯುವ ಮೊದಲೇ ನಕ್ಷೆಯ ಬಗ್ಗೆ ಪಶುವೈದ್ಯಾಧಿಕಾರಿಗಳೊಡನೆ ಸಮಾಲೋಚಿಸುವುದು ಒಳ್ಳೆಯದು.

- ಮನೆಯ ಉದ್ದವು ಪೂರ್ವ-ಪಶ್ಚಿಮವಾಗಿರತಕ್ಕದ್ದು. ಇದರಿಂದ ಬಿಸಿಲು ಒಳಗೆ ಬೀಳುವುದು ಕಡಿಮೆಯಾಗುತ್ತದೆ.
- ಫ್ಯಾನ್ ಇಲ್ಲದೆ ಸಹಜ ಗಾಳಿಯನ್ನೇ ನಂಬಿದ ಮನೆಯ ಅಗಲವು 30 ಅಡಿ ಮೀರಬಾರದು. ಅಗಲ ಹೆಚ್ಚಾದಲ್ಲಿ ಮಧ್ಯಭಾಗದ ಗಾಳಿ ಬದಲಾಗುವುದಿಲ್ಲ.
- ಪಕ್ಕದ ಗೋಡೆ ಒಂದು ಅಡಿ ಎತ್ತರವಿದ್ದು, ಅದರ ಮೇಲೆ ಮಾಡಿನವರೆಗೆ ತಂತಿ ಬಲೆಯಿರತಕ್ಕದ್ದು. ಸೂರು ಮೂರರಿಂದ ನಾಲ್ಕು ಅಡಿ ಹೊರಚಾಚಿದ್ದಲ್ಲಿ ಎರಚಲು ಒಳಬರುವುದಿಲ್ಲ, ಪರದೆ ಮುಚ್ಚುವ ಅಗತ್ಯವೂ ಕಡಿಮೆಯಾಗುತ್ತದೆ.
- ಎರಡು ಮನೆಗಳ ನಡುವೆ ಕನಿಷ್ಠ 50 ಅಡಿ ಅಂತರವಿರತಕ್ಕದ್ದು.
- ಗಾಳಿಯು ಮಳೆಗಾಲದಲ್ಲಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದಿಂದ ಬೀಸುವುದರಿಂದ ವಸತಿಯು ಈ ಎರಡೂ ದಿಕ್ಕುಗಳಲ್ಲಿ ನೇರವಾಗಿ ಬಾರದಂತೆ ಸ್ಥಳವನ್ನು ಆರಿಸುವುದು. ನೆರೆಹೊರೆಯವರ ದೂರುಗಳು ಬಹುತೇಕ ವಾಸನೆ ಮತ್ತು ನೊಣಗಳಿಗೆ ಸಂಬಂಧಿಸಿದವು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಹೊಸದಾಗಿ ಸ್ಥಾಪಿಸುವ ಕೋಳಿ ಸಾಕಾಣಿಕಾ ಕೇಂದ್ರವು ವಸತಿ ಪ್ರದೇಶದಿಂದ 500 ಮೀಟರ್, ನದಿ, ಕೆರೆ, ಕಾಲುವೆ ಮತ್ತು ಕುಡಿಯುವ ನೀರಿನ ಮೂಲಗಳಿಂದ 100 ಮೀಟರ್ ಹಾಗೂ ರಾಷ್ಟ್ರೀಯ ಹೆದ್ದಾರಿಯಿಂದ 100 ಮೀಟರ್ ಅಂತರದಲ್ಲಿರಬೇಕು. ಮಲಪ್ರಭಾ ಕಾಲುವೆಗಳ ಪಕ್ಕದ ಹಾಗೂ ಕಿತ್ತೂರು ತಾಲ್ಲೂಕಿನಲ್ಲಿ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದ ಜಮೀನುಗಳ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಈ ಮಾರ್ಗಸೂಚಿಯು 25,000ಕ್ಕೂ ಹೆಚ್ಚು ಕೋಳಿಗಳ ಕೇಂದ್ರಗಳಿಗೆ 2022ರ ಜನವರಿ 1ರಿಂದ, 5,000ರಿಂದ 25,000 ಕೋಳಿಗಳ ಕೇಂದ್ರಗಳಿಗೆ 2023ರ ಜನವರಿ 1ರಿಂದ ಅನ್ವಯವಾಗಿದ್ದು, ಇವು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಪಡೆಯಬೇಕಾಗುತ್ತದೆ.

11. ಕೆಲಸಗಾರರ ಆರೋಗ್ಯ

ಕೋಳಿಗಳನ್ನು ಕೆಮ್ಮಿಸುವ ಗಾಳಿಯೇ ಮನುಷ್ಯರನ್ನೂ ಕೆಮ್ಮಿಸುತ್ತದೆ. ಹಾಸು ಕೆದಕುವಾಗ ಮತ್ತು ಗೊಬ್ಬರ ತುಂಬುವಾಗ ಮೂಗು-ಬಾಯಿ ಮುಚ್ಚುವ ಮಾಸ್ಕ್ ಧರಿಸತಕ್ಕದ್ದು. ಉಬ್ಬಸ ಇರುವವರು ಈ ಕೆಲಸದಿಂದ ದೂರವಿರುವುದು ಒಳ್ಳೆಯದು. ಚಿಕ್ಕ ಮಕ್ಕಳನ್ನು ಕೋಳಿ ಮನೆಯೊಳಗೆ ಮಲಗಿಸಬಾರದು. ರಜೆಯಲ್ಲಿ ಕಡಿಮೆಯಾಗಿ ಕೆಲಸಕ್ಕೆ ಮರಳಿದಾಗ ಹೆಚ್ಚಾಗುವ ಕೆಮ್ಮು ಅಥವಾ ಎದೆ ಬಿಗಿತವಿದ್ದಲ್ಲಿ ವೈದ್ಯರಿಗೆ ತಾವು ಕೋಳಿ ಮನೆಯಲ್ಲಿ ದುಡಿಯುವ ವಿಷಯವನ್ನು ತಿಳಿಸತಕ್ಕದ್ದು.

12. ಕೋಳಿಗಳು ಸತ್ತಾಗ ಅನುಸರಿಸಬೇಕಾದ ಕ್ರಮ

ಕೆಟ್ಟ ಗಾಳಿ ಅಥವಾ ಶಾಖದಿಂದ ಸಾವು ಸಂಭವಿಸಿದೆಯೆಂದು ಸಾಕಾಣಿಕೆದಾರರು ತಾವಾಗಿಯೇ ತೀರ್ಮಾನಿಸತಕ್ಕದ್ದಲ್ಲ. ಹಕ್ಕಿಜ್ವರ ಮತ್ತು ರಾಣಿಖೇತ್ ರೋಗಗಳಲ್ಲಿಯೂ ಉಸಿರಾಟದ ತೊಂದರೆ ಮತ್ತು ಸಾಮೂಹಿಕ ಸಾವು ಕಂಡುಬರುತ್ತವೆ. ಕರ್ನಾಟಕದಲ್ಲಿ ಹಕ್ಕಿಜ್ವರವು 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಹಾಗೂ 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ದೃಢಪಟ್ಟಿತ್ತು. ಪ್ರಾಣಿಗಳಲ್ಲಿ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯಿದೆ, 2009ರ ಪ್ರಕಾರ ಇಂತಹ ರೋಗದ ಶಂಕೆಯನ್ನು ವರದಿ ಮಾಡುವುದು ಮಾಲೀಕರ ಕರ್ತವ್ಯವಾಗಿದೆ.

ಅ) ದಿನಕ್ಕೆ ಒಂದೆರಡರಂತೆ ಸಾಯುತ್ತಿದ್ದಲ್ಲಿ: ಆಗಷ್ಟೇ ಸತ್ತ ಕೋಳಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆಯೊಡನೆ, ಅದೇ ದಿನ ಪಶು ಆಸ್ಪತ್ರೆಗೆ ಮರಣೋತ್ತರ ಪರೀಕ್ಷೆಗೆ ಒಯ್ಯುವುದು.

ಆ) ಹಠಾತ್ತಾಗಿ ಹೆಚ್ಚಿನ ಸಂಖ್ಯೆಯಲ್ಲಿ ಸತ್ತಲ್ಲಿ: ಸತ್ತ ಕೋಳಿಗಳನ್ನು ಎಲ್ಲಿಗೂ ಸಾಗಿಸದೆ, ಉಳಿದವನ್ನು ಮಾರದೆ, ಸಮೀಪದ ಪಶುವೈದ್ಯಾಧಿಕಾರಿಗಳಿಗೆ ಅಥವಾ ಗ್ರಾಮ ಪಂಚಾಯಿತಿಗೆ ಕೂಡಲೇ ತಿಳಿಸುವುದು. ಸತ್ತ ಕೋಳಿಗಳನ್ನು ಹಳ್ಳ, ಕಾಲುವೆ ಅಥವಾ ರಸ್ತೆ ಬದಿಗೆ ಎಸೆಯುವುದು ಅಪರಾಧವಾಗುವುದಲ್ಲದೆ ಊರಿಗೆಲ್ಲ ಅಪಾಯಕಾರಿ.

13. ಸೇವೆಗಳು ಮತ್ತು ಅರ್ಜಿ ಸಲ್ಲಿಸುವ ವಿಧಾನ

ಅ) ತಾಂತ್ರಿಕ ಸಲಹೆ ಮತ್ತು ರೋಗ ಪರೀಕ್ಷೆ: ಆಯಾ ತಾಲ್ಲೂಕು ಪಶು ಆಸ್ಪತ್ರೆಯ ಸಹಾಯಕ ನಿರ್ದೇಶಕರನ್ನು ಅಥವಾ ಸಮೀಪದ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸುವುದು. ಭೇಟಿಯ ವೇಳೆ ಕೋಳಿಗಳ ಸಂಖ್ಯೆ, ವಯಸ್ಸು, ಲಸಿಕೆ ಹಾಕಿದ ದಿನಾಂಕ, ದಿನವಾರು ಸಾವಿನ ಸಂಖ್ಯೆ ಹಾಗೂ ರಾತ್ರಿ ಪರದೆ ಮುಚ್ಚುವ ಮತ್ತು ತೆರೆಯುವ ಸಮಯವನ್ನು ಬರೆದ ಪುಸ್ತಕವನ್ನು ತರುವುದು. ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ಸೇವೆಯ ಸಹಾಯವಾಣಿ ಸಂಖ್ಯೆ 1962.

ಆ) ತರಬೇತಿ: ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿರುವ ಕೆಎಲ್‌ಇ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹಾಗೂ ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ತರಬೇತಿಯ ದಿನಾಂಕಗಳನ್ನು ವಿಚಾರಿಸಬಹುದಾಗಿದೆ.

ಇ) ರಾಷ್ಟ್ರೀಯ ಜಾನುವಾರು ಮಿಷನ್: 2021-22ರಲ್ಲಿ ಪರಿಷ್ಕೃತಗೊಂಡ ಈ ಯೋಜನೆಯಡಿ ಕನಿಷ್ಠ 1,000 ಮಾತೃ ಕೋಳಿಗಳ ಗ್ರಾಮೀಣ ಕೋಳಿ ತಳಿ ಘಟಕ, ಮರಿ ಉತ್ಪಾದನಾ ಕೇಂದ್ರ ಮತ್ತು ಮರಿ ಪೋಷಣಾ ಘಟಕಕ್ಕೆ ಬಂಡವಾಳ ವೆಚ್ಚದ ಶೇಕಡಾ 50ರಷ್ಟು, ಗರಿಷ್ಠ ರೂ. 25 ಲಕ್ಷ ಸಹಾಯಧನವನ್ನು ನಿಗದಿಪಡಿಸಲಾಗಿದೆ. ಇದು ವಾಣಿಜ್ಯ ಮಾಂಸದ ಕೋಳಿ ಶೆಡ್ಡುಗಳಿಗೆ ಅನ್ವಯಿಸುವುದಿಲ್ಲ. ಅರ್ಜಿಯನ್ನು ಉದ್ಯಮಿಮಿತ್ರ ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ಜಮೀನಿನ ಪಹಣಿ ಅಥವಾ ಗುತ್ತಿಗೆ ಪತ್ರ, ಗುರುತಿನ ದಾಖಲೆ, ಬ್ಯಾಂಕ್ ಖಾತೆಯ ವಿವರ, ಯೋಜನಾ ವರದಿ, ತರಬೇತಿ ಅಥವಾ ಅನುಭವದ ದಾಖಲೆಗಳು ಅಗತ್ಯ. ಯೋಜನಾ ವರದಿಯಲ್ಲಿ ಕೋಳಿ ಮನೆಯ ದಿಕ್ಕು, ಅಗಲ ಮತ್ತು ಗಾಳಿ ಸಂಚಾರದ ವ್ಯವಸ್ಥೆಯನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

14. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಾತ್ರಿ ಪರದೆಯನ್ನು ಸ್ವಲ್ಪ ತೆರೆದಿಟ್ಟರೆ ಮರಿಗಳಿಗೆ ಚಳಿಯಾಗುವುದಿಲ್ಲವೆ?
ಉತ್ತರ: ಮೇಲಿನ ಅಂಚು ಮಾತ್ರ ತೆರೆದಿದ್ದು ಕಾವು ಸರಿಯಾಗಿದ್ದಲ್ಲಿ ಚಳಿಯಾಗುವುದಿಲ್ಲ. ಮರಿಗಳು ಕಾವಿನ ಕೆಳಗೆ ಒತ್ತೊತ್ತಾಗಿ ಗುಂಪುಗೂಡಿದ್ದರೆ ಶಾಖ ಸಾಲದು. ಸಮನಾಗಿ ಹರಡಿದ್ದರೆ ಸರಿಯಾಗಿದೆ. ಗುಂಪುಗೂಡಿದ್ದಲ್ಲಿ ಕಾವನ್ನು ಹೆಚ್ಚಿಸಬೇಕೇ ಹೊರತು ಪರದೆಯನ್ನು ಪೂರ್ಣ ಮುಚ್ಚಬಾರದು.

ಪ್ರಶ್ನೆ: ಕೆಮ್ಮಿಗೆ ಔಷಧಿ ಕೊಟ್ಟರೂ ಗುಣವಾಗುತ್ತಿಲ್ಲ, ಏಕೆ?
ಉತ್ತರ: ಗಾಳಿಯ ದೋಷ ಮುಂದುವರಿದಲ್ಲಿ ಔಷಧಿಯಿಂದ ಪೂರ್ಣ ಫಲ ದೊರೆಯುವುದಿಲ್ಲ. ಮೊದಲು ಬೆಳಗಿನ ಪರೀಕ್ಷೆ ಮತ್ತು ಮುಷ್ಟಿ ಪರೀಕ್ಷೆ ಮಾಡಿ ಹಾಸು ಮತ್ತು ಪರದೆಯನ್ನು ಸರಿಪಡಿಸುವುದು. ಪಶುವೈದ್ಯರ ಸಲಹೆಯಿಲ್ಲದೆ ಪ್ರತಿಜೀವಕ ಔಷಧಿಗಳನ್ನು ನೀಡಬಾರದು.

ಪ್ರಶ್ನೆ: ಗುತ್ತಿಗೆ ಸಾಕಾಣಿಕೆಯಲ್ಲಿ ಮರಿ ಮತ್ತು ಆಹಾರ ಕಂಪನಿಯದಾಗಿದ್ದು, ಗಾಳಿಯ ನಷ್ಟ ರೈತರಿಗೆ ಹೇಗೆ ತಗಲುತ್ತದೆ?
ಉತ್ತರ: ಸಾಕಾಣಿಕೆ ದರವನ್ನು ಸಾಮಾನ್ಯವಾಗಿ ತಿಂದ ಆಹಾರಕ್ಕೆ ಬಂದ ತೂಕ ಮತ್ತು ಸಾವಿನ ಪ್ರಮಾಣದ ಆಧಾರದಲ್ಲಿ ಲೆಕ್ಕ ಹಾಕಲಾಗುತ್ತದೆ. ಕೆಟ್ಟ ಗಾಳಿಯಿಂದ ತೂಕ ಕಡಿಮೆಯಾಗಿ ಸಾವು ಹೆಚ್ಚಾದಲ್ಲಿ ಅದು ನೇರವಾಗಿ ರೈತರ ಪಾವತಿಯಲ್ಲಿ ಕಡಿತವಾಗುತ್ತದೆ.

ಪ್ರಶ್ನೆ: ಅಮೋನಿಯಾ ಅಳೆಯುವ ಉಪಕರಣ ಕೊಳ್ಳಬೇಕೆ?
ಉತ್ತರ: ಸಣ್ಣ ಘಟಕಗಳಲ್ಲಿ ದಿನನಿತ್ಯದ ಬಳಕೆಗೆ ಕಂಡಿಕೆ 4ರಲ್ಲಿ ತಿಳಿಸಿದ ಪರೀಕ್ಷೆಗಳು ಸಾಕು. ಅವುಗಳನ್ನು ವಾರಕ್ಕೊಮ್ಮೆಯಾದರೂ ಹೊರಗಿನವರೊಬ್ಬರಿಂದ ಮಾಡಿಸುವುದು ಹೆಚ್ಚು ವಿಶ್ವಾಸಾರ್ಹ, ಏಕೆಂದರೆ ಅವರ ಮೂಗು ವಾಸನೆಗೆ ಒಗ್ಗಿರುವುದಿಲ್ಲ.

ಹೆಚ್ಚಿನ ಮಾಹಿತಿಗಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ ಅಥವಾ ರಾಮದುರ್ಗದ ಪಶು ಆಸ್ಪತ್ರೆಯನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.